ಆರು ಚುಕ್ಕೆ, ಇನ್ನೂರು ವರ್ಷದ ಜಗಳ: ಲೂಯಿ ಬ್ರೈಲ್ ಕಥೆ ಈಗ ಯಾಕೆ ಓದಬೇಕು

ಹನ್ನೆರಡು ವರ್ಷದ ಹಿಂದಿನ ಮಾತು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬುವ ಒಂದು ವೆಬ್‌ಸೈಟು ನಮ್ಮ ತಂಡದ ಕೆಲಸ. ಒಂದು ದಿನ ನನ್ನ ಪಾಲಿಗೆ ಒಂದು ದೂರು ಬಂತು. ಬರೆದವರು ಕಣ್ಣು ಕಾಣದ ಒಬ್ಬ ಪದವೀಧರ. ಅರ್ಜಿಯನ್ನೆಲ್ಲ ತಾವೇ ತುಂಬಿದ್ದಾರೆ, ಕೊನೆಯಲ್ಲಿ ಸೊಟ್ಟಪಟ್ಟ ಅಕ್ಷರಗಳ ಕ್ಯಾಪ್ಚಾ ಬಂದು ನಿಂತಿದೆ. ಅವರ ಸ್ಕ್ರೀನ್ ರೀಡರ್ ಚಿತ್ರವನ್ನು ಓದುವುದಿಲ್ಲ. ಏನಾದರೂ ಮಾಡಿ, ಕೊನೆಯ ದಿನಾಂಕ ಹತ್ತಿರ ಬಂತು ಅಂತ ಕೇಳಿದ್ದರು. ನಾನು ಆ ದೂರಿಗೆ ಲೋ ಪ್ರಯಾರಿಟಿ ಅಂತ ಹಚ್ಚಿ, ಮನೆಯವರ ಸಹಾಯ ಪಡೆಯಿರಿ ಎಂದು ಎರಡು ಸಾಲು ಉತ್ತರ ಬರೆದು ಮುಚ್ಚಿಬಿಟ್ಟೆ. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ನನಗೂ ತಪ್ಪು ಅನ್ನಿಸಲಿಲ್ಲ. ಸಹಾಯ ಪಡೆಯಿರಿ ಅನ್ನುವುದರಲ್ಲಿ ತಪ್ಪೇನಿದೆ?

ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಮೇಲೆ, ಜನವರಿ 4ರ ವಿಶ್ವ ಬ್ರೈಲ್ ದಿನಕ್ಕೆ ಒಂದು ಲೇಖನ ಬೇಕು ಅಂತ ಸಂಪಾದಕರು ಹೇಳಿದಾಗ ಲೂಯಿ ಬ್ರೈಲ್ ಬಗ್ಗೆ ಓದಲು ಕೂತೆ. ಕಣ್ಣು ಕಳೆದುಕೊಂಡ ಹುಡುಗ, ಚುಕ್ಕೆ ಲಿಪಿ ಕಂಡುಹಿಡಿದ ಮಹಾನುಭಾವ, ಇಷ್ಟು ಶಾಲೆಯ ಪಾಠದಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಆ ಲಿಪಿಯನ್ನು ಅವನದೇ ಶಾಲೆಯಲ್ಲಿ ನಿಷೇಧಿಸಿದ್ದರು. ನಿಷೇಧಿಸಿದವರು ಕೆಟ್ಟವರೇನಲ್ಲ, ಕುರುಡರ ಒಳಿತಿಗಾಗಿಯೇ ಸಂಬಳ ತಗೊಂಡು ದುಡಿಯುತ್ತಿದ್ದವರು. ಅವರ ವಾದ ಓದುತ್ತಾ ಹೋದಂತೆ ನನಗೆ ನನ್ನ ಆ ಎರಡು ಸಾಲಿನ ಉತ್ತರ ನೆನಪಾಯಿತು. ಆವತ್ತು ಬರೆಯಬೇಕಿದ್ದ ಲೇಖನ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಜೀನು ಹೊಲಿಯುವವನ ಮಗ

ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂಪ್‌ವ್ರೇ ಎಂಬ ಹಳ್ಳಿ. 1809ರ ಜನವರಿ 4ರಂದು ಅಲ್ಲಿ ಲೂಯಿ ಹುಟ್ಟಿದ. ನಾಲ್ಕು ಮಕ್ಕಳಲ್ಲಿ ಕೊನೆಯವನು. ಅಪ್ಪ ಸಿಮೋನ್ ರೆನೆ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಕಸುಬಿನವನು. ಮನೆಗೆ ಅಂಟಿಕೊಂಡೇ ಚರ್ಮದ ಕೆಲಸದ ಕೋಣೆ. ಮೂರು ವರ್ಷದ ಲೂಯಿ ಅಪ್ಪನಂತೆ ತಾನೂ ಮಾಡಲು ಹೋಗಿ, ಚರ್ಮಕ್ಕೆ ತೂತು ಕೊರೆಯುವ ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿಕೊಂಡ. ಆ ಕಣ್ಣಿಗೆ ನಂಜಾಯಿತು. ಆಂಟಿಬಯೋಟಿಕ್ ಎಂಬುದು ಇನ್ನೂ ಹುಟ್ಟಿರದ ಕಾಲ. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋದವು.

ಅದು ನೆಪೋಲಿಯನ್ ಸೋಲುತ್ತಿದ್ದ ಹೊತ್ತು. 1814ರಿಂದ ಹಳ್ಳಿಯಲ್ಲಿ ಪರದೇಶದ ಸೈನ್ಯಗಳು ಬಂದು ಕೂತಿದ್ದವು. ಮನೆಯಲ್ಲಿದ್ದ ಕಾಳು, ದನ, ಜಾಗ ಎಲ್ಲ ಅವರ ಪಾಲು. ಅಂಥ ಹೊತ್ತಲ್ಲಿ ಒಂದು ಕುಶಲಕರ್ಮಿ ಕುಟುಂಬ ತನ್ನ ಕುರುಡು ಮಗುವನ್ನು ಮೂಲೆಗೆ ಕೂರಿಸಲಿಲ್ಲ ಅನ್ನುವುದೇ ದೊಡ್ಡದು. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಕ್ಕಳಿಗೆ ಇದ್ದ ದಾರಿ ಹೆಚ್ಚುಕಡಿಮೆ ಒಂದೇ, ಭಿಕ್ಷೆ.

ಹಳ್ಳಿಯ ಪಾದ್ರಿ ಪಾಲುಯಿ ಈ ಹುಡುಗನಿಗೆ ಪಾಠ ಶುರು ಮಾಡಿದ. ಆಮೇಲೆ ಊರ ಶಾಲೆಯ ಮೇಷ್ಟ್ರು ಬೆಶೆರೆ ಅವನನ್ನು ಎಲ್ಲ ಮಕ್ಕಳ ಜೊತೆ ಕೂರಿಸಿಕೊಂಡರು. ಇವತ್ತು ನಾವು ಸಮನ್ವಯ ಶಿಕ್ಷಣ ಅಂತ ದೊಡ್ಡ ಹೆಸರಿಟ್ಟು ಕರೆಯುವುದನ್ನು ಒಬ್ಬ ಹಳ್ಳಿ ಮೇಷ್ಟ್ರು ಯಾವ ಸುತ್ತೋಲೆಯೂ ಇಲ್ಲದೆ ಮಾಡಿದ್ದ. ಲೂಯಿ ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಬಾಯಿಪಾಠದಲ್ಲಿ ಮುಂದಿದ್ದ. ಆದರೆ ಉಳಿದ ಮಕ್ಕಳು ಪುಸ್ತಕ ತೆರೆದಾಗ, ಸ್ಲೇಟು ಹಿಡಿದಾಗ ಅವನು ಸುಮ್ಮನೆ ಕೂರಬೇಕಿತ್ತು. ತರಗತಿಯ ಒಳಗೆ ಕೂರಿಸುವುದು ಒಂದು, ಓದು ಬರಹ ಕೈಗೆ ಸಿಗುವುದು ಇನ್ನೊಂದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿನ ಜಮೀನ್ದಾರ, ಒಬ್ಬ ಮಾರ್ಕ್ವಿಸ್, ಶಿಫಾರಸು ಮಾಡಿದ್ದರಿಂದ ಪ್ಯಾರಿಸ್‌ನ ರಾಜಮನೆತನದ ಕುರುಡು ಮಕ್ಕಳ ಸಂಸ್ಥೆಯಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. 1819ರ ಫೆಬ್ರವರಿ 15. ಹತ್ತು ವರ್ಷದ ಹುಡುಗ ಅಪ್ಪನ ಕೈ ಹಿಡಿದು ಪ್ಯಾರಿಸ್‌ಗೆ ಬಂದ.

ಸಂತೆಯ ಅವಮಾನದಿಂದ ಹುಟ್ಟಿದ ಶಾಲೆ

ಆ ಶಾಲೆಗೂ ಒಂದು ಕಥೆ ಇದೆ. 1771ರಲ್ಲಿ ಪ್ಯಾರಿಸ್‌ನ ಒಂದು ಜಾತ್ರೆಯಲ್ಲಿ ಕುರುಡರನ್ನು ಸಾಲಾಗಿ ಕೂರಿಸಿ, ತಲೆಗೆ ಕೋಮಾಳಿ ಟೋಪಿ, ಮುಖಕ್ಕೆ ರಟ್ಟಿನ ದೊಡ್ಡ ಕನ್ನಡಕ ಹಾಕಿ, ಮುಂದೆ ತಲೆಕೆಳಗಾದ ಸಂಗೀತದ ಹಾಳೆ ಇಟ್ಟು, ಅಪಸ್ವರ ಬಾರಿಸಲು ಬಿಟ್ಟು, ಜನ ನಗುತ್ತಿದ್ದರು. ನೋಡುತ್ತಿದ್ದವರಲ್ಲಿ ವ್ಯಾಲಂಟಿನ್ ಹಾವಿ ಎಂಬ ಅನುವಾದಕನೂ ಇದ್ದ. ಆ ನಗು ಅವನಿಗೆ ಸಹಿಸಲಾಗಲಿಲ್ಲ. 1784ರಲ್ಲಿ ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾಂಸ್ವಾ ಲೆಸ್ಯೂರ್ ಎಂಬ ಹುಡುಗನನ್ನು ಕರೆತಂದು ಓದು ಕಲಿಸಲು ಶುರುಮಾಡಿದ. ಮರುವರ್ಷ ಶಾಲೆ ತೆರೆಯಿತು. ಕುರುಡು ಮಕ್ಕಳಿಗಾಗಿ ಜಗತ್ತಿನಲ್ಲಿ ಮೊದಲು ನಿಂತ ಶಾಲೆಗಳಲ್ಲಿ ಅದೇ ದೊಡ್ಡ ಹೆಸರು. ಕ್ರಾಂತಿಯ ಕಾಲದಲ್ಲಿ ಸರ್ಕಾರವೇ ಅದನ್ನು ವಹಿಸಿಕೊಂಡಿತು.

ಹಾವಿ ಕಂಡುಕೊಂಡ ದಾರಿ ಉಬ್ಬಕ್ಷರ. ಒದ್ದೆ ಮಾಡಿದ ದಪ್ಪ ಕಾಗದವನ್ನು ದೊಡ್ಡ ಅಚ್ಚಿನ ಮೇಲೆ ಒತ್ತಿದರೆ ಅಕ್ಷರ ಉಬ್ಬಿ ನಿಲ್ಲುತ್ತದೆ. ಕಣ್ಣಿದ್ದವರು ಓದುವ ಅದೇ ರೋಮನ್ ಅಕ್ಷರ, ಬೆರಳಿಗೆ ಸಿಗುವ ಹಾಗೆ. ಕುರುಡರು ಓದಬಲ್ಲರು ಎಂದು ಲೋಕಕ್ಕೆ ತೋರಿಸಿಕೊಟ್ಟದ್ದು ಹಾವಿ. ಅದಕ್ಕೆ ಅವನಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಆದರೆ ತೊಂದರೆ ಎಲ್ಲಿತ್ತು ನೋಡಿ. ಒಂದು ಅಕ್ಷರದ ಗೆರೆಯನ್ನು ಬೆರಳಿನಿಂದ ಪೂರ್ತಿ ಸವರಿ, ಇದು ಇಂಥ ಅಕ್ಷರ ಅಂತ ತಿಳಿದು, ಮುಂದಿನದಕ್ಕೆ ಹೋಗಬೇಕು. ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಶುರು ಮರೆತಿರುತ್ತದೆ. ಅಕ್ಷರ ದೊಡ್ಡದು, ಹಾಗಾಗಿ ಪುಸ್ತಕ ಭಾರ. ಭಾರ ಅಂದಮೇಲೆ ದುಬಾರಿ, ದುಬಾರಿ ಅಂದಮೇಲೆ ಲೈಬ್ರರಿಯಲ್ಲಿ ಬೆರಳೆಣಿಕೆಯಷ್ಟು ಪುಸ್ತಕ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಈ ಅಕ್ಷರವನ್ನು ಕುರುಡ ವಿದ್ಯಾರ್ಥಿ ತಾನೇ ಸುಲಭವಾಗಿ ಬರೆಯುವಂತಿರಲಿಲ್ಲ. ಬೇರೆಯವರು ಅಚ್ಚು ಹಾಕಿ ಕೊಟ್ಟದ್ದನ್ನು ಓದಬೇಕು, ಅಷ್ಟೇ. ಟಿಪ್ಪಣಿ ಇಲ್ಲ, ಪತ್ರ ಇಲ್ಲ, ಲೆಕ್ಕದ ಚೀಟಿ ಇಲ್ಲ.

ಕಟ್ಟಡವೋ, ಸೇಂಟ್ ವಿಕ್ಟರ್ ರಸ್ತೆಯ ಹಳೆಯ ಧಾರ್ಮಿಕ ಪಾಠಶಾಲೆ. ತೇವ, ಕತ್ತಲೆ, ಇಕ್ಕಟ್ಟು. ಮಕ್ಕಳು ಪಾಠದ ಜೊತೆ ಹೆಣಿಗೆ, ನೇಯ್ಗೆ, ಚಪ್ಪಲಿ ಹೊಲಿಯುವುದು ಕಲಿಯುತ್ತಿದ್ದರು. ಸಂಗೀತವಂತೂ ಕಡ್ಡಾಯ ಅನ್ನುವಷ್ಟು. ಮುಂದೆ ಇದೇ ಶಾಲೆಯ ಕ್ಲೋದ್ ಮೊಂಟಾಲ್ ಎಂಬ ಕುರುಡ ವಿದ್ಯಾರ್ಥಿ ಪಿಯಾನೋ ಬಿಚ್ಚಿ ರಿಪೇರಿ ಮಾಡುವುದನ್ನು ಸ್ವತಃ ಕಲಿತು, ಪಿಯಾನೋ ಶ್ರುತಿ ಮಾಡುವ ಕಸುಬಿಗೆ ಕುರುಡರು ಕಾಲಿಡುವ ಹಾಗೆ ಮಾಡಿದ. ಪುನರ್ವಸತಿ ಅಂತ ನಾವು ಈಗ ಕರೆಯುವುದರ ಒಳ್ಳೆಯದು ಕೆಟ್ಟದ್ದು ಎರಡೂ ಅಲ್ಲಿತ್ತು: ದುಡಿಮೆಯ ಘನತೆಯೂ ಇತ್ತು, ಕುರುಡರೆಂದರೆ ಸಂಗೀತ ಇಲ್ಲವೇ ಕೈಕಸುಬು ಅನ್ನುವ ಬೇಲಿಯೂ ಇತ್ತು. ಆ ಬೇಲಿ ನಮ್ಮಲ್ಲೂ ಇದೆ. ಆದರೆ ಗದಗಿನ ಪಂಚಾಕ್ಷರಿ ಗವಾಯಿಗಳನ್ನು ನೆನೆಯಿರಿ. ತಾವೇ ಕಣ್ಣು ಕಾಣದವರು, ಅಂಥ ಮಕ್ಕಳಿಗೆ ಅನ್ನ, ನೆಲೆ, ವಿದ್ಯೆ ಮೂರನ್ನೂ ಕೊಟ್ಟವರು. ತನ್ನವರಿಗೆ ಏನು ಬೇಕು ಅನ್ನುವುದನ್ನು ಅನುಭವಿಸಿದವರೇ ಹೇಳುವುದಕ್ಕೂ ಹೊರಗಿನವರು ಊಹಿಸುವುದಕ್ಕೂ ಎಷ್ಟು ದೂರ ಅನ್ನುವುದು ಲೂಯಿಯ ಕಥೆಯ ಮುಂದಿನ ಭಾಗ.

ಹನ್ನೆರಡು ಚುಕ್ಕೆಯ ಸಾಹೇಬರು

1821ರಲ್ಲಿ ಶಾಲೆಗೆ ಒಂದು ಹೊಸ ವಿಧಾನ ಬಂತು. ತಂದವನು ಷಾರ್ಲ್ ಬಾರ್ಬಿಯೆ, ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದವನು, ಐವತ್ತು ದಾಟಿದವನು. ಕಾಗದಕ್ಕೆ ಚೂಪು ಕಡ್ಡಿಯಿಂದ ಚುಚ್ಚಿ ಎಬ್ಬಿಸಿದ ಚುಕ್ಕೆಗಳ ಬರಹ. ಎರಡು ಸಾಲು, ಪ್ರತಿ ಸಾಲಿಗೆ ಆರು, ಒಟ್ಟು ಹನ್ನೆರಡು ಚುಕ್ಕೆ. ಫ್ರೆಂಚ್ ಭಾಷೆಯ 36 ಧ್ವನಿಗಳನ್ನು ಒಂದು ಕೋಷ್ಟಕದಲ್ಲಿ ಹಾಕಿ, ಯಾವ ಸಾಲು ಯಾವ ಮನೆ ಅಂತ ಚುಕ್ಕೆಗಳಲ್ಲಿ ಸೂಚಿಸುವುದು. ಬರೆಯಲು ಒಂದು ಪಟ್ಟಿ, ಒಂದು ಕಡ್ಡಿ ಸಾಕು.

ಮಕ್ಕಳಿಗೆ ಹಬ್ಬ. ಬೆರಳಿಗೆ ಗೆರೆಗಿಂತ ಚುಕ್ಕೆ ಚೆನ್ನಾಗಿ ತಿಳಿಯುತ್ತದೆ ಅನ್ನುವುದು ಕೂಡಲೇ ಗೊತ್ತಾಯಿತು. ತಾವೇ ಬರೆಯಬಹುದು ಅನ್ನುವುದೂ ಗೊತ್ತಾಯಿತು. ಲೂಯಿಗೆ ಆಗ ಹನ್ನೆರಡು ವರ್ಷ. ಅವನು ಆ ವಿಧಾನ ಕಲಿತು, ಬಳಸಿ, ಆಮೇಲೆ ಅದರ ದೋಷಗಳನ್ನು ಎಣಿಸತೊಡಗಿದ.

ಒಂದು, ಹನ್ನೆರಡು ಚುಕ್ಕೆಯ ಕಂಬ ಬೆರಳ ತುದಿಗಿಂತ ಉದ್ದ. ಒಂದು ಅಕ್ಷರಕ್ಕೇ ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಎರಡು, ಇದು ಧ್ವನಿಯ ಬರಹ. ಕೇಳಿಸಿದ ಹಾಗೆ ಬರೆಯುವುದು, ಕಾಗುಣಿತಕ್ಕೆ ಜಾಗ ಇಲ್ಲ. ಫ್ರೆಂಚ್‌ನಲ್ಲಿ ಒಂದೇ ಥರ ಕೇಳಿಸುವ ಹತ್ತಾರು ಪದಗಳನ್ನು ಬೇರೆ ಬೇರೆ ಬರೆಯುತ್ತಾರೆ. ಪೂರ್ಣವಿರಾಮ, ಅಲ್ಪವಿರಾಮ ಇಲ್ಲ. ಅಂಕಿ ಇಲ್ಲ. ಸಂಗೀತದ ಸ್ವರಲಿಪಿ ಇಲ್ಲ.

ಬಾರ್ಬಿಯೆಯ ಉದ್ದೇಶ ಸರಳವಾಗಿತ್ತು. ಕಾಗುಣಿತ ಕಲಿಯಲು ಸಮಯವೋ ಅವಕಾಶವೋ ಇಲ್ಲದವರಿಗೆ ಮಾತನ್ನು ಬೇಗ ಗುರುತುಹಾಕುವ ಒಂದು ಉಪಾಯ ಸಾಕು. ಲೂಯಿಗೆ ಅದು ಸಾಕಾಗಲಿಲ್ಲ. ಅವನಿಗೆ ಬೇಕಿದ್ದದ್ದು ಬೇರೆಯವರು ಓದುವುದೆಲ್ಲವೂ: ವ್ಯಾಕರಣ, ಗಣಿತ, ಬೀಜಗಣಿತ, ಸಂಗೀತ. ಕುರುಡರಿಗೆ ಇಷ್ಟು ಸಾಕು ಅಂತ ಒಬ್ಬರು, ಎಲ್ಲರಿಗೂ ಇರುವಷ್ಟೇ ನನಗೂ ಬೇಕು ಅಂತ ಇನ್ನೊಬ್ಬ. ನನ್ನ ಪ್ರಕಾರ ಬ್ರೈಲ್ ಜೀವನದ ರಾಜಕೀಯ ಪೂರ್ತಿ ಇಲ್ಲೇ ಇದೆ.

ಮೂರು ವರ್ಷ ಆತ ಇದನ್ನೇ ಮಾಡಿದ. ಹಗಲು ಪಾಠ, ರಾತ್ರಿ ಮತ್ತು ರಜೆಯಲ್ಲಿ ಕಡ್ಡಿ, ಕಾಗದ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿನಲ್ಲಿ, ವ್ಯವಸ್ಥೆ ಬಹುಮಟ್ಟಿಗೆ ಸಿದ್ಧವಾಗಿತ್ತು. ಕಣ್ಣಿಗೆ ಚುಚ್ಚಿದ ಉಪಕರಣದ ಥರದ್ದೇ ಚೂಪು ಕಡ್ಡಿಯಿಂದ ಲಿಪಿ ಮಾಡಿದ ಅಂತ ಎಲ್ಲರೂ ಭಾವುಕರಾಗಿ ಬರೆಯುತ್ತಾರೆ. ನಿಜ, ಇರಲಿ. ನನಗೆ ಅದಕ್ಕಿಂತ ಆ ಮೂರು ವರ್ಷದ ಡಿಬಗ್ಗಿಂಗ್ ದೊಡ್ಡದಾಗಿ ಕಾಣುತ್ತದೆ.

ಆರು ಚುಕ್ಕೆಯ ಲೆಕ್ಕ

ಎಂಜಿನಿಯರಿಂಗ್ ಓದಿದವನ ಚಾಳಿ, ಸ್ವಲ್ಪ ಸಹಿಸಿಕೊಳ್ಳಿ. ಹನ್ನೆರಡನ್ನು ಆತ ಆರಕ್ಕೆ ಇಳಿಸಿದ: ಅಗಲಕ್ಕೆ ಎರಡು, ಎತ್ತರಕ್ಕೆ ಮೂರು. ಬೆರಳ ತುದಿಯ ಅಡಿ ಒಂದೇ ಸಲಕ್ಕೆ ಪೂರ್ತಿ ಸಿಗುತ್ತದೆ, ಬೆರಳು ಆಡಿಸಬೇಕಿಲ್ಲ, ಎಡದಿಂದ ಬಲಕ್ಕೆ ಜಾರಿಸಿದರೆ ಸಾಕು. ಪ್ರತಿ ಚುಕ್ಕೆ ಇದೆ ಅಥವಾ ಇಲ್ಲ. ಎರಡರ ಆರನೇ ಘಾತ 64. ಖಾಲಿ ಮನೆ ಬಿಟ್ಟರೆ 63 ಗುರುತು. ಕಂಪ್ಯೂಟರ್ ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಮೊದಲೇ ಒಬ್ಬ ಹುಡುಗ ಆರು ಬಿಟ್‌ನ ಎನ್‌ಕೋಡಿಂಗ್ ಮಾಡಿದ್ದ.

ಅದರಲ್ಲೂ ಕ್ರಮ ಇದೆ. ರೋಮನ್ ಲಿಪಿಯ ಮೊದಲ ಹತ್ತು ಅಕ್ಷರಕ್ಕೆ ಮೇಲಿನ ನಾಲ್ಕು ಚುಕ್ಕೆಗಳು ಮಾತ್ರ. ಮುಂದಿನ ಹತ್ತಕ್ಕೆ ಅದೇ ಆಕಾರಗಳು, ಜೊತೆಗೆ ಎಡಗಡೆಯ ಕೆಳಚುಕ್ಕೆ. ಅದರ ಮುಂದಿನವಕ್ಕೆ ಕೆಳಗಿನ ಎರಡೂ ಚುಕ್ಕೆ. ಹತ್ತು ಆಕಾರ ಕಲಿತರೆ ಉಳಿದದ್ದು ನಿಯಮ. ಡಬ್ಲ್ಯು ಅಕ್ಷರ ಆಗಿನ ಫ್ರೆಂಚ್‌ಗೆ ಬೇಕಿರಲಿಲ್ಲ, ಹಾಗಾಗಿ ಅದು ಆಮೇಲೆ ಸೇರಿಕೊಂಡಿತು, ಇವತ್ತಿಗೂ ಕ್ರಮದ ಹೊರಗೇ ನಿಂತಿದೆ. ಮುಂದೆ ಒಂದು ಅಂಕಿ ಗುರುತು ಹಾಕಿದರೆ ಮೊದಲ ಹತ್ತು ಅಕ್ಷರಗಳೇ ಹತ್ತು ಅಂಕಿಗಳು.

ಬರೆಯುವಾಗ ಕಾಗದವನ್ನು ಪಟ್ಟಿಗೆ ಸಿಕ್ಕಿಸಿ, ಬಲದಿಂದ ಎಡಕ್ಕೆ, ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಚುಚ್ಚಬೇಕು. ಹಾಳೆ ಮಗುಚಿದರೆ ಚುಕ್ಕೆಗಳು ಉಬ್ಬಿ, ಎಡದಿಂದ ಬಲಕ್ಕೆ ಓದಲು ಸಿಗುತ್ತವೆ. ಕುರುಡು ಮಕ್ಕಳು ಇದನ್ನು ಸಲೀಸಾಗಿ ಮಾಡುವುದನ್ನು ನೋಡಿದಾಗ, ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಒಂದು ಸಾಲು ಬರೆಯಲು ತಿಣುಕಿದ್ದೆ.

1829ರಲ್ಲಿ ಈ ವಿಧಾನದ ಪುಸ್ತಕ ಬಂತು. ಮಾತು, ಸಂಗೀತ, ಚರ್ಚಿನ ಗಾಯನ ಮೂರನ್ನೂ ಚುಕ್ಕೆಗಳಲ್ಲಿ ಬರೆಯುವುದು ಹೇಗೆ ಅಂತ ವಿವರಿಸುವ ಪುಸ್ತಕ. ವಿಚಿತ್ರ ಏನೆಂದರೆ, ಅದನ್ನು ಅಚ್ಚು ಹಾಕಿದ್ದು ಹಳೆಯ ಉಬ್ಬು ರೋಮನ್ ಅಕ್ಷರದಲ್ಲಿ. ಆ ಪುಸ್ತಕದಲ್ಲಿ ಬ್ರೈಲ್ ತನಗೆ ಮೊದಲ ದಾರಿ ತೋರಿಸಿದ್ದು ಬಾರ್ಬಿಯೆಯ ವಿಧಾನ ಎಂದು ನೇರವಾಗಿ ಒಪ್ಪಿಕೊಂಡಿದ್ದಾನೆ. ಮೊದಲ ಆವೃತ್ತಿಯಲ್ಲಿ ಚುಕ್ಕೆಗಳ ಜೊತೆ ಕೆಲವು ಅಡ್ಡಗೆರೆಗಳೂ ಇದ್ದವು. ಬಳಕೆಯಲ್ಲಿ ಅವು ತೊಡಕು ಅಂತ ಗೊತ್ತಾಗಿ 1837ರ ಎರಡನೇ ಆವೃತ್ತಿಯಲ್ಲಿ ತೆಗೆದುಹಾಕಿದ. ತಾನು ಮಾಡಿದ್ದನ್ನು ತಾನೇ ತಿದ್ದುವ ಈ ಗುಣ ನಮ್ಮ ಬಹಳ ಆ್ಯಪ್‌ಗಳಿಗೆ ಇನ್ನೂ ಬಂದಿಲ್ಲ.

ಮೇಷ್ಟ್ರ ಲಿಪಿಗೆ ಮೇಷ್ಟ್ರ ಶಾಲೆಯಲ್ಲೇ ನಿಷೇಧ

ಅಷ್ಟು ಹೊತ್ತಿಗೆ ಬ್ರೈಲ್ ಅದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದ. 1828ರಲ್ಲಿ ಸಹಾಯಕ, 1833ರಲ್ಲಿ ಪೂರ್ಣ ಶಿಕ್ಷಕ. ವ್ಯಾಕರಣ, ಭೂಗೋಳ, ಗಣಿತ, ಸಂಗೀತ ಕಲಿಸುತ್ತಿದ್ದ. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ. ನಿರ್ದೇಶಕ ಪಿನ್ಯೆ ಹೊಸ ಲಿಪಿಯನ್ನು ಮಕ್ಕಳು ಬಳಸಲು ಬಿಟ್ಟಿದ್ದ, ಸರ್ಕಾರದ ಮಾನ್ಯತೆ ಮಾತ್ರ ಸಿಗಲಿಲ್ಲ. ತೇವದ ಕಟ್ಟಡ ತನ್ನ ಕೆಲಸ ತಾನು ಮಾಡುತ್ತಿತ್ತು. ಇಪ್ಪತ್ತರ ಹರೆಯದಲ್ಲೇ ಬ್ರೈಲ್‌ಗೆ ಕ್ಷಯ ಅಂಟಿತು. 1838ರಲ್ಲಿ ಕವಿ, ಸಂಸದ ಲಾಮಾರ್ಟೀನ್ ಸಂಸತ್ತಿನಲ್ಲಿ ಈ ಕಟ್ಟಡದ ದುಃಸ್ಥಿತಿಯ ಬಗ್ಗೆ ಮಾತಾಡಿದ ಮೇಲೆಯೇ ಹೊಸ ಕಟ್ಟಡಕ್ಕೆ ಹಣ ಮಂಜೂರಾದದ್ದು.

1840ರಲ್ಲಿ ಪಿನ್ಯೆಯನ್ನು ಇಳಿಸಿ ಅವನ ಕೈಕೆಳಗಿದ್ದ ಡ್ಯೂಫೋ ನಿರ್ದೇಶಕನಾದ. ಅವನು ಮತ್ತೆ ಉಬ್ಬು ರೋಮನ್ ಅಕ್ಷರಕ್ಕೇ ಜೋತುಬಿದ್ದ, ಸ್ಕಾಟ್ಲೆಂಡ್‌ನಲ್ಲಿ ಬಳಕೆಯಲ್ಲಿದ್ದ ಒಂದು ಸುಧಾರಿತ ರೂಪಕ್ಕೆ. ತರಗತಿಯಲ್ಲಿ ಚುಕ್ಕೆ ಲಿಪಿ ಬಂದ್.

ಆ ಕಾಲದ ಕಣ್ಣಿರುವ ಶಿಕ್ಷಕರ ವಾದವನ್ನು ನ್ಯಾಯವಾಗಿ ಮುಂದಿಡಬೇಕು. ಕುರುಡರಿಗೆ ಬೇರೆಯದೇ ಲಿಪಿ ಕೊಟ್ಟರೆ ಅವರು ಸಮಾಜದಿಂದ ಬೇರೆಯಾಗುತ್ತಾರೆ. ಎಲ್ಲರೂ ಓದುವ ಅಕ್ಷರವನ್ನೇ ಅವರೂ ಓದಿದರೆ ತಂದೆ ತಾಯಿ ಸಹಾಯ ಮಾಡಬಹುದು, ಯಾವ ಮೇಷ್ಟ್ರು ಬೇಕಾದರೂ ಕಲಿಸಬಹುದು. ಕೇಳಲು ಇದು ಸಮಾನತೆಯ ಮಾತು. ಇವತ್ತಿನ ಯಾವ ಸೆಮಿನಾರಿನಲ್ಲಾದರೂ ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ಅದರಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ: ಯಾರ ಅನುಕೂಲಕ್ಕೆ? ಮೇಷ್ಟ್ರಿಗೆ ಓದಲು ಸುಲಭವಾದ ಲಿಪಿ ವಿದ್ಯಾರ್ಥಿಯ ಬೆರಳಿಗೆ ಕಷ್ಟ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಶಾಲೆ ಮೇಷ್ಟ್ರ ಕಣ್ಣನ್ನು ಆರಿಸಿತು. ಮನೆಯವರ ಸಹಾಯ ಪಡೆಯಿರಿ ಅಂತ ನಾನು ಬರೆದಾಗ ಮಾಡಿದ್ದೂ ಅದನ್ನೇ.

ಬ್ರೈಲ್ ಆ ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ಕುರುಡರು ಕಣ್ಣಿರುವವರಿಗೆ ಪತ್ರ ಬರೆಯಬೇಕಲ್ಲ? ಅದಕ್ಕಾಗಿ 1839ರಲ್ಲೇ ಚುಕ್ಕೆಗಳಿಂದ ಮಾಮೂಲಿ ಅಕ್ಷರದ ಆಕಾರವನ್ನೇ ಮೂಡಿಸುವ ಬೇರೊಂದು ವಿಧಾನ ಮಾಡಿದ್ದ. ಫೂಕೋ ಎಂಬ ಕುರುಡ ಗೆಳೆಯ ಅದಕ್ಕೊಂದು ಯಂತ್ರ ಕಟ್ಟಿಕೊಟ್ಟ. ಟೈಪ್‌ರೈಟರ್ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲು ಇಬ್ಬರು ಕುರುಡರು ಅದರ ಹತ್ತಿರ ಬಂದಿದ್ದರು. ಸಮಾಜದ ಜೊತೆ ಸಂಪರ್ಕ ಬೇಕು ಅನ್ನುವುದು ಅವರಿಗೂ ಗೊತ್ತಿತ್ತು. ಅದಕ್ಕೆ ತಮ್ಮ ಸ್ವಂತ ಓದನ್ನು ಬಲಿ ಕೊಡಬೇಕಿಲ್ಲ ಅನ್ನುವುದೂ ಗೊತ್ತಿತ್ತು.

ನಿಷೇಧದ ನಡುವೆಯೂ ಮಕ್ಕಳು ಕದ್ದುಮುಚ್ಚಿ ಚುಕ್ಕೆಯಲ್ಲೇ ಬರೆಯುತ್ತಿದ್ದರು. ಒಬ್ಬರಿಂದ ಒಬ್ಬರು ಕಲಿಯುತ್ತಿದ್ದರು. ಬಳಸುವವರು ಬಿಡಲಿಲ್ಲ, ಅದಕ್ಕೇ ಲಿಪಿ ಉಳಿಯಿತು. ಡ್ಯೂಫೋನ ಸಹಾಯಕ ಗ್ವಾಡೆ ಇದನ್ನು ಗಮನಿಸಿದ, ಮಕ್ಕಳ ಪರ ನಿಂತ. ಸಂಸ್ಥೆ 1843ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. 1844ರ ಫೆಬ್ರವರಿ 22ರಂದು ಉದ್ಘಾಟನೆ. ಗಣ್ಯರ ಎದುರು ಗ್ವಾಡೆ ಬ್ರೈಲ್ ವಿಧಾನದ ಚರಿತ್ರೆಯನ್ನು ವಿವರಿಸಿದ. ಒಬ್ಬ ವಿದ್ಯಾರ್ಥಿಗೆ ಹೇಳಿ ಬರೆಸಿ, ಅಲ್ಲಿಲ್ಲದ ಇನ್ನೊಬ್ಬನನ್ನು ಕರೆಸಿ ಓದಿಸಿದರು. ಸಭೆಗೆ ಅಷ್ಟು ಸಾಕಾಯಿತು. ಡ್ಯೂಫೋ ಕೂಡ ಕೊನೆಗೆ ಒಪ್ಪಿಕೊಂಡ.

ಬ್ರೈಲ್ ಆಗ ಕ್ಷಯದಿಂದ ಹಣ್ಣಾಗಿದ್ದ. ಆಗಾಗ ಊರಿಗೆ ಹೋಗಿ ಸುಧಾರಿಸಿಕೊಂಡು ಬಂದು ಪಾಠ ಮಾಡುತ್ತಿದ್ದ. 1852ರ ಜನವರಿ 6ರಂದು, 43 ತುಂಬಿದ ಎರಡೇ ದಿನಕ್ಕೆ ತೀರಿಕೊಂಡ. ಅವನು ಬಿಟ್ಟುಹೋದ ಒಂದು ಪೆಟ್ಟಿಗೆಯನ್ನು ತೆರೆಯದೆ ಸುಡಬೇಕು ಅಂತ ಹೇಳಿದ್ದನಂತೆ. ಕುತೂಹಲಕ್ಕೆ ತೆರೆದು ನೋಡಿದರೆ ಅದರ ತುಂಬ ವಿದ್ಯಾರ್ಥಿಗಳು ಬರೆದುಕೊಟ್ಟ ಸಾಲದ ಚೀಟಿಗಳು. ಗೆಳೆಯರು ಬರೆದಿಟ್ಟ ಈ ವಿವರ ನನಗೆ ಪಂತೆಯಾನಿಗಿಂತ ದೊಡ್ಡದು. ಫ್ರಾನ್ಸ್ ಆ ಲಿಪಿಯನ್ನು ಅಧಿಕೃತ ಮಾಡಿದ್ದು 1854ರಲ್ಲಿ, ಅವನು ಸತ್ತ ಎರಡು ವರ್ಷಕ್ಕೆ. 1878ರ ಪ್ಯಾರಿಸ್ ಸಮ್ಮೇಳನ ಅದನ್ನು ಅಂತಾರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತು. ಸತ್ತ ನೂರು ವರ್ಷಕ್ಕೆ, 1952ರಲ್ಲಿ, ಅವನ ಅವಶೇಷವನ್ನು ದೇಶದ ಮಹನೀಯರ ಸಮಾಧಿಯಾದ ಪಂತೆಯಾನಿಗೆ ಮೆರವಣಿಗೆಯಲ್ಲಿ ಒಯ್ದರು. ಹೆಲೆನ್ ಕೆಲ್ಲರ್ ಬಂದಿದ್ದರು. ಕೂಪ್‌ವ್ರೇ ಹಳ್ಳಿಯವರು ಮಾತ್ರ ಕೈಗಳನ್ನು ತಮ್ಮಲ್ಲೇ ಉಳಿಸಿಕೊಂಡರು.

ಕನ್ನಡದ ಬೆರಳಿಗೆ

ನಮ್ಮ ದೇಶಕ್ಕೆ ಬ್ರೈಲ್ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಥರದ ಬ್ರೈಲ್. ಸ್ವಾತಂತ್ರ್ಯ ಬಂದ ಮೇಲೆ ಯುನೆಸ್ಕೋ ನೆರವಿನಿಂದ ಚರ್ಚೆ ನಡೆದು 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಿತು. ಅದರ ಸೊಗಸು ನೋಡಿ: ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಅದೇ ಎರಡು ಚುಕ್ಕೆ, ಇಂಗ್ಲಿಷಿನ ‘ಕೆ’ಗೂ ಅದೇ. ಕಣ್ಣಿಗೆ ಬೇರೆ ಬೇರೆ ಕಾಣುವ ನಮ್ಮ ಲಿಪಿಗಳು ಬೆರಳಿಗೆ ಒಂದೇ. ಗುಡಿಸು, ಕೊಂಬು, ದೀರ್ಘ ಅಂತ ಬೇರೆ ಆಕಾರ ಇಲ್ಲ, ‘ಕಿ’ ಅಂದರೆ ‘ಕ’ ಬರೆದು ಪಕ್ಕದಲ್ಲಿ ‘ಇ’. ಒತ್ತಕ್ಷರಕ್ಕೆ ಮುಂದೆ ಒಂದು ಚುಕ್ಕೆಯ ಗುರುತು ಹಾಕಿ ಎರಡೂ ವ್ಯಂಜನ ಬರೆಯುವುದು. ‘ಕನ್ನಡ’ ಬರೆಯಲು ಐದು ಮನೆ ಸಾಕು.

ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ. ಮೊಬೈಲು ಓದಿ ಹೇಳುತ್ತೆ, ಆಡಿಯೋ ಬುಕ್ ಇದೆ, ಬ್ರೈಲ್ ಯಾಕೆ? ದಪ್ಪ ಪುಸ್ತಕ, ಖರ್ಚು, ಕಲಿಸುವ ಮೇಷ್ಟ್ರಿಲ್ಲ. ಒಳ್ಳೆಯ ಮನಸ್ಸಿನವರೇ ಹೀಗೆ ಹೇಳುತ್ತಾರೆ. ನನಗೆ ಇದರಲ್ಲಿ ಬಾರ್ಬಿಯೆ ಸಾಹೇಬರ ದನಿ ಕೇಳಿಸುತ್ತದೆ: ಧ್ವನಿ ಸಾಕು, ಕಾಗುಣಿತ ಯಾಕೆ? ಕೇಳಿಸಿಕೊಂಡೇ ಬೆಳೆದ ಮಗುವಿಗೆ ‘ಶ’ ಎಲ್ಲಿ ‘ಷ’ ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ‘ಋ’ ಮತ್ತು ‘ರು’? ಗಣಿತದ ಸಮೀಕರಣವನ್ನು ಕಿವಿಯಲ್ಲಿ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು? ಕಣ್ಣಿರುವ ಮಕ್ಕಳಿಗೆ ಯೂಟ್ಯೂಬ್ ಇದೆ, ಅಕ್ಷರ ಕಲಿಸುವುದು ಬೇಡ ಅಂತ ಯಾರಾದರೂ ಹೇಳುತ್ತೀರಾ? ಧ್ವನಿ ಬೇಕು, ಖಂಡಿತ ಬೇಕು. ಬ್ರೈಲ್ ಜೊತೆಗೆ ಬೇಕು, ಅದರ ಬದಲಿಗೆ ಅಲ್ಲ.

ಧ್ವನಿಯ ಕಡೆ ನೋಡಿದರೂ ನಾವು ನೆಟ್ಟಗಿಲ್ಲ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರುಮಾಡಿದ್ದು, ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರೂ ಅಂಧರು. ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದವರಿಗೆ ಅಂತ ಮಾಡಿದ್ದು, ಕನ್ನಡವನ್ನೂ ಓದುತ್ತದೆ. ಆದರೆ ಅದಕ್ಕೆ ಓದಲು ಸಿಗಬೇಕಾದದ್ದು ಯುನಿಕೋಡ್ ಪಠ್ಯ. ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಚಿಂದಿ. ಸಹಿ ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್ ಅಂತೂ ಬರೀ ಫೋಟೋ. ಕಣ್ಣು ಕಾಣದವರ ಪಿಂಚಣಿಯ ಆದೇಶವೇ ಹಾಗಿದ್ದರೆ ಅದನ್ನು ಓದಲು ಅವರಿಗೆ ಪಕ್ಕದ ಮನೆಯವರು ಬೇಕು.

ಕಾನೂನು ಇಲ್ಲವಾ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ, ಶಿಕ್ಷಣ ಎರಡನ್ನೂ ಬಳಸಲಾಗುವ ರೂಪದಲ್ಲಿ ಕೊಡಬೇಕು ಅನ್ನುತ್ತದೆ. ಪುಸ್ತಕಗಳನ್ನು ಅಂಧರಿಗೆ ಓದುವ ರೂಪಕ್ಕೆ ತರಲು ಕಾಪಿರೈಟ್ ಅಡ್ಡ ಬರಬಾರದು ಅನ್ನುವ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಣ ಕೊಟ್ಟ ದೇಶ ನಮ್ಮದು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತ ಕೇಳುವ ಕೆವೈಸಿ ಎಲ್ಲರಿಂದಲೂ ಆಗುವುದಿಲ್ಲ ಅನ್ನುವುದು ಆ ಮೊಕದ್ದಮೆಯ ವಿಷಯವಾಗಿತ್ತು. ನಾವು ಅಂಗವಿಕಲರನ್ನು ದಿವ್ಯಾಂಗರು ಅಂತ ಕರೆಯಬೇಕಾ ಬೇಡವಾ ಅಂತ ಚರ್ಚೆ ಮಾಡಿದಷ್ಟು ಹೊತ್ತು ಈ ಫೈಲು ತೆರೆಯುತ್ತದಾ ಇಲ್ಲವಾ ಅಂತ ನೋಡಿಲ್ಲ.

ರಾಜಕೀಯ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಚುನಾವಣೆ, ಸಮಾವೇಶ, ಘೋಷಣೆ. ಲೂಯಿ ಬ್ರೈಲ್ ಘೋಷಣೆ ಕೂಗಿದವನಲ್ಲ. ಇಷ್ಟು ಸಾಕು ಅಂತ ದೊಡ್ಡವರು ಕೊಟ್ಟದ್ದನ್ನು ಸಾಲದು ಅಂದ, ಬೇಕಾದದ್ದನ್ನು ಮಾಡಿ ತೋರಿಸಿದ. ಅವನ ವಿದ್ಯಾರ್ಥಿಗಳು ನಿಷೇಧ ಮುರಿದರು. ನಿಮ್ಮ ಸಂಘಟನೆಯ ಕರಪತ್ರ, ನಿಮ್ಮ ಕಾಲೇಜಿನ ನೋಟಿಸು, ನಿಮ್ಮ ಪಂಚಾಯಿತಿಯ ಸುತ್ತೋಲೆ ಕಣ್ಣು ಕಾಣದ ಒಬ್ಬ ಗೆಳೆಯನಿಗೆ ಯಾರ ನೆರವೂ ಇಲ್ಲದೆ ಓದಲು ಬರುತ್ತದಾ ಅಂತ ಕೇಳಿ ನೋಡಿ. ಅವರನ್ನೇ ಕೇಳಿ. ಅವರ ಪರವಾಗಿ ಊಹಿಸಬೇಡಿ, ನಾನು ಊಹಿಸಿದ್ದೆ.

ಆವತ್ತು ದೂರು ಬರೆದವರ ಹೆಸರು ನನಗೆ ನೆನಪಿಲ್ಲ. ಅವರ ಅರ್ಜಿ ಕೊನೆಯ ದಿನಾಂಕದ ಒಳಗೆ ಹೋಯಿತೋ ಇಲ್ಲವೋ ಅದೂ ಗೊತ್ತಿಲ್ಲ. ಆ ಕ್ಯಾಪ್ಚಾಗೆ ಪರ್ಯಾಯ ಕೊಡುವುದು ಹೆಚ್ಚೆಂದರೆ ಎರಡು ದಿನದ ಕೆಲಸವಾಗಿತ್ತು.

ಈ ಲೇಖನ ಕಳಿಸುವ ಮುಂಚೆ ಎನ್‌ವಿಡಿಎ ಹಾಕಿ, ಮಾನಿಟರ್ ಆರಿಸಿ, ಒಮ್ಮೆ ಪೂರ್ತಿ ಕೇಳಿದೆ. ಲೇಖನ ಸರಿಯಾಗಿ ಓದಿತು. ಮೇಲೆ ಹಾಕಲು ಇಟ್ಟಿದ್ದ ಚಿತ್ರ ಬಂದಾಗ ಮಾತ್ರ ಕ್ಯಾಮೆರಾ ಕೊಟ್ಟ ಒಂದು ಉದ್ದ ನಂಬರ್ ಹೇಳಿ ಮುಂದೆ ಹೋಯಿತು. ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಬರೆದು ಸೇರಿಸಿದ್ದೇನೆ.